ಗೆರೆಬಡುಕರ ಭಾನುವಾರ

ರೋಬೋ ಎಂದರೆ ಮನುಷ್ಯನ ಶ್ರಮ ಇಳಿಸುವ ಯಂತ್ರ ಎಂದು ಇನ್ನೂ ನಂಬಿಕೊಂಡಿರುವವರು ಯಾರಾದರೂ ಇದ್ದರೆ, ಒಂದು ಭಾನುವಾರ ಬೆಳಿಗ್ಗೆ ಹನುಮಂತನಗರದ ಕಡೆ ಬಂದು ನಮ್ಮ ಸಂಘದ ಮಹಡಿ ಹತ್ತಬೇಕು. ಅಂಗೈಯಗಲದ ಗಾಡಿಯೊಂದು ಈ ಗೋಡೆಯಿಂದ ಆ ಗೋಡೆಗೆ ತಾನಾಗಿ ಹೋಗಲಿ ಎಂದು ಹತ್ತಾರು ಜನ ನೆಲಕ್ಕೆ ಮಂಡಿಯೂರಿ ಬೆವರುತ್ತಿರುವ ದೃಶ್ಯ ಕಾಣುತ್ತದೆ. ಆ ಗಾಡಿಯನ್ನು ಕೈಯಲ್ಲೆತ್ತಿ ಆಚೆ ಗೋಡೆಯ ಬುಡದಲ್ಲಿಟ್ಟರೆ ಒಂದು ಗಳಿಗೆಯ ಕೆಲಸ. ಆದರೆ ಹಾಗೆ ಎತ್ತಿಡುವುದು ನಮ್ಮಲ್ಲಿ ಮಹಾಪಾಪ. ವಾರವೆಲ್ಲ ಯಂತ್ರಗಳು ನಮಗಾಗಿ ದುಡಿಯುತ್ತವೆ. ಭಾನುವಾರ ನಾವು ಅವಕ್ಕಾಗಿ ದುಡಿದು ಋಣ ತೀರಿಸುತ್ತೇವೆ.

ಸಂಘ ಎಂದೆನಲ್ಲ, ಅಷ್ಟು ದೊಡ್ಡ ಮಾತು ಬೇಕಿರಲಿಲ್ಲ. ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ, ಎರಡು ಉದ್ದನೆಯ ಮೇಜು, ಬಿಸ್ಕತ್ತಿನ ಡಬ್ಬಿಗಳ ತುಂಬ ವೈರು, ಮೋಟರು, ನಟ್ಟು, ಬೋಲ್ಟು. ಬರುವ ನಾವೆಲ್ಲ ನಮ್ಮನ್ನು ನಾವೇ ಭಾನುವಾರಿಗರು ಎಂದು ಕರೆದುಕೊಂಡಿದ್ದೇವೆ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಣ್ಣವರಿಗೆ ಅವರು ವಾಚ್ ತಾತ, ದೊಡ್ಡವರಿಗೆ ವಾಚ್ ಸಾರ್. ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ನಾವೆಲ್ಲ ಸೋಲ್ಡರ್ ಮಾಡಿದರೆ ಸೀಸದ ಗುಡ್ಡಗಳೇಳುತ್ತವೆ, ಅವರು ಮಾಡಿದರೆ ಮಿನುಗುವ ಚುಕ್ಕಿ. ಪ್ರೋಗ್ರಾಂ ಬರೆಯುವ ಎಂಜಿನಿಯರಿಂಗ್ ಹುಡುಗಿಯೊಬ್ಬಳು, ಬಾಯಿ ಮುಚ್ಚದೆ ಪ್ರಶ್ನೆ ಕೇಳುವ ಏಳನೇ ಕ್ಲಾಸಿನ ಹುಡುಗನೊಬ್ಬ. ನನಗೆ ಬರುವುದು ಪ್ರಬಂಧ ಬರೆಯುವ ವಿದ್ಯೆ. ಅದರಿಂದ ಯಾವ ಮೋಟರೂ ತಿರುಗದ ಕಾರಣ ಬಿದ್ದ ಸ್ಕ್ರೂ ಹುಡುಕುವ ಹುದ್ದೆ ನನ್ನ ಪಾಲಿಗೆ ಬಂದಿದೆ.

ಹುದ್ದೆ ಸಣ್ಣದೆಂದು ಕನಿಕರ ಬೇಡ. ಮೂರು ಮಿಲಿಮೀಟರಿನ ಸ್ಕ್ರೂ ಕೈಜಾರಿದರೆ ಬಿದ್ದಲ್ಲೇ ಇರುವ ಜಾತಿಯದಲ್ಲ. ಒಮ್ಮೆ ಪುಟಿದು, ಎಲ್ಲರ ಕಾಲುಗಳ ನಡುವೆ ಪ್ರದಕ್ಷಿಣೆ ಹಾಕಿ, ಮೇಜಿನ ಕಾಲಿನ ಮರೆಗೆ ಸೇರಿ ಸುಮ್ಮನಾಗುತ್ತದೆ. ಅದನ್ನರಸುತ್ತ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿದಾಗ ಜಗತ್ತು ಬೇರೆಯೇ ಆಗಿ ಕಾಣುತ್ತದೆ: ಹಿಮ್ಮಡಿಗಳ ಊರು, ಚಪ್ಪಲಿಗಳ ಬೆಟ್ಟ, ಧೂಳಿನ ಮೈದಾನ. ನಮ್ಮ ರೋಬೋಗಳ ಕಣ್ಣೂ ಅದೇ ಎತ್ತರದಲ್ಲಿದೆ. ಅವುಗಳ ಸುಖದುಃಖ ಬಲ್ಲವನು ಇಲ್ಲಿ ನಾನೊಬ್ಬನೇ ಎಂಬ ಜಂಬ ನನಗೆ ಒಳಗೊಳಗೇ ಇದೆ.

ರೋಬೋಗಳಲ್ಲಿ ನಮ್ಮ ಮೊದಲ ಕೂಸು ಗೆರೆಬಡುಕ. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ ಫ್ಲೆಕ್ಸಿನ ಬಿಳಿ ಬೆನ್ನಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದರೆ ಅದೇ ಹೆದ್ದಾರಿ. ಗಾಡಿಯ ಹೊಟ್ಟೆಯಡಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೀರುವ ಪುಟ್ಟ ದೀಪಗಳು, ಪಕ್ಕದಲ್ಲೇ ಅದು ಮರಳಿತೋ ಇಲ್ಲವೋ ಎಂದು ಕಾಯುವ ಸೆನ್ಸರುಗಳು. ಬಿಳಿ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ನುಂಗಿಕೊಳ್ಳುತ್ತದೆ. ಎಡಗಣ್ಣಿಗೆ ಕಪ್ಪು ತಾಗಿದರೆ ಎಡಕ್ಕೆ ತಿರುಗು, ಬಲಗಣ್ಣಿಗೆ ತಾಗಿದರೆ ಬಲಕ್ಕೆ. ಗೆರೆಬಡುಕನ ಜೀವನದರ್ಶನ ಇಷ್ಟೇ, ಇದರಲ್ಲಿ ಅವನು ತೃಪ್ತ. ತೊಂದರೆ ಕೊಡುವವನು ಸೂರ್ಯ. ಬಿಸಿಲಿನಲ್ಲೂ ಅವಕೆಂಪು ಧಾರಾಳವಾಗಿದೆ. ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡಿಗೆ ಕಾಲಿಟ್ಟೊಡನೆ ಗೆರೆಬಡುಕನಿಗೆ ಕಪ್ಪೂ ಬಿಳಿಯಾಗಿ ಕಂಡು, ದಾರಿಯ ಹಂಗು ಹರಿದುಕೊಂಡು ನೇರವಾಗಿ ಡಾಕ್ಟರ ಚಪ್ಪಲಿಗೆ ಹೋಗಿ ಗುದ್ದುತ್ತಾನೆ. ಆದ್ದರಿಂದ ಬಿಸಿಲು ಸರಿದಂತೆಲ್ಲ ಫ್ಲೆಕ್ಸನ್ನೂ ಸರಿಸುತ್ತ ಹೋಗುತ್ತೇವೆ. ನಮ್ಮ ಕೋಣೆಯಲ್ಲಿ ಗಡಿಯಾರವಿಲ್ಲ. ಹೆದ್ದಾರಿ ಯಾವ ಮೂಲೆಗೆ ಬಂದಿದೆ ಎಂದು ನೋಡಿ ಊಟದ ಹೊತ್ತು ಹೇಳಬಹುದು.

ನೆರಳಿನಲ್ಲಿಯೂ ಅವನ ನಡಿಗೆ ನೆಟ್ಟಗಿಲ್ಲ. ಎಡಕ್ಕೆ ಜಾಸ್ತಿಯಾಯಿತೆಂದು ಬಲಕ್ಕೆಳೆದು, ಬಲಕ್ಕೆ ಜಾಸ್ತಿಯಾಯಿತೆಂದು ಎಡಕ್ಕೆಳೆದು, ಹೊಸದಾಗಿ ಸೈಕಲ್ ಕಲಿಯುವವನಂತೆ ಓಲಾಡುತ್ತಾನೆ. ಇದಕ್ಕೆ ಮದ್ದು ಪಿಐಡಿ ಎಂಬ ಲೆಕ್ಕ. ಹಡಗಿನ ಚುಕ್ಕಾಣಿ ಹಿಡಿದವರು ಹೇಗೆ ದಾರಿ ತಿದ್ದಿಕೊಳ್ಳುತ್ತಾರೆ ಎಂದು ಗಮನಿಸಿದ ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಅದನ್ನು ಗಣಿತಕ್ಕೆ ಇಳಿಸಿದ. ಒಳ್ಳೆಯ ನಾವಿಕ ಈಗ ಎಷ್ಟು ದಾರಿ ತಪ್ಪಿದ್ದೇನೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ತಪ್ಪುತ್ತ ಬಂದಿದ್ದೇನೆ, ಯಾವ ಕಡೆಗೆ ಎಷ್ಟು ಬೇಗ ಜಾರುತ್ತಿದ್ದೇನೆ ಎಂಬುದನ್ನೂ ನೋಡುತ್ತಾನೆ. ವಾಚ್ ಸಾರ್ ಇದನ್ನು ಹುಡುಗನಿಗೆ ಮೂರೇ ಮಾತಿನಲ್ಲಿ ಹೇಳಿಕೊಟ್ಟರು: “ಇವತ್ತಿನ ತಪ್ಪು, ನಿನ್ನೆವರೆಗಿನ ತಪ್ಪು, ನಾಳೆ ಆಗೋ ತಪ್ಪು. ಮೂರಕ್ಕೂ ಎಷ್ಟೆಷ್ಟು ತಲೆ ಕೆಡಿಸ್ಕೋಬೇಕು ಅನ್ನೋದೇ ಲೆಕ್ಕ ಕಣಪ್ಪ.” ನಿನ್ನೆಯ ತಪ್ಪಿಗೆ ಹೆಚ್ಚು ಮಹತ್ವ ಕೊಟ್ಟರೆ ಗಾಡಿ ಗೆರೆ ಸಿಕ್ಕಿದ ಮೇಲೂ ನಿಲ್ಲದೆ ಇನ್ನೊಂದು ಬದಿಗೆ ಹಾಯುತ್ತದೆ. ನಾಳೆಯದಕ್ಕೆ ಹೆಚ್ಚು ಕೊಟ್ಟರೆ ಇದ್ದಲ್ಲೇ ನಡುಗುತ್ತದೆ. ಹುಡುಗಿ ಲ್ಯಾಪ್‌ಟಾಪಿನಲ್ಲಿ ಮೂರು ಅಂಕಿಗಳನ್ನು ಒಂದಿಷ್ಟು ಏರಿಸಿ ಇಳಿಸಿ ನೋಡುತ್ತಿದ್ದಳು. ನಾನು ನನ್ನ ಅಂಕಿಗಳ ಬಗ್ಗೆ ಯೋಚಿಸುತ್ತ ಕುಳಿತೆ. ಬಿದ್ದ ಸ್ಕ್ರೂ ಒಂದು ಹಾಗೇ ತಪ್ಪಿಸಿಕೊಂಡಿತು.

ಎರಡನೆಯದು ಗೋಡೆಗಂಜುಕ. ಹಣೆಯ ಮೇಲೆ ಬೆಳ್ಳನೆಯ ಎರಡು ಕಣ್ಣಿನ ಸೆನ್ಸರು, ಅವು ಕಣ್ಣುಗಳಲ್ಲ, ಒಂದು ಬಾಯಿ, ಒಂದು ಕಿವಿ. ಬಾಯಿ ಸೆಕೆಂಡಿಗೆ 40,000 ಕಂಪನಗಳ ಕೂಗು ಹಾಕುತ್ತದೆ. ನಮ್ಮ ಕಿವಿಯ ಸಾಮರ್ಥ್ಯ ಹೆಚ್ಚೆಂದರೆ 20,000, ಹಾಗಾಗಿ ಕೋಣೆಯಲ್ಲಿ ಎಷ್ಟು ಅರಚಾಟ ನಡೆದರೂ ನಮಗೆ ಪರಮ ಶಾಂತಿ. ಒಂದು ಮೀಟರು ದೂರದ ಗೋಡೆಗೆ ಬಡಿದ ಕೂಗು ಮರಳಲು ಸುಮಾರು 6 ಮಿಲಿಸೆಕೆಂಡು ಬೇಕು. ಅದನ್ನು ಅಳೆದು ಗೋಡೆ ಎಷ್ಟು ಹತ್ತಿರವೆಂದು ತಿಳಿದು ಗಾಡಿ ಮುಖ ತಿರುಗಿಸುತ್ತದೆ. ಆದರೆ ಮೆತ್ತನೆಯ ಬಟ್ಟೆ ಕೂಗನ್ನು ಹೀರಿಬಿಡುತ್ತದೆ. ಹಾಗಾಗಿ ಸಿಮೆಂಟು ಗೋಡೆಯೆದುರು ಮರ್ಯಾದೆಯಿಂದ ಹಿಂದೆಗೆಯುವ ಗೋಡೆಗಂಜುಕ, ವಾಚ್ ಸಾರ್ ಅವರ ಪಂಚೆಯನ್ನು ಕಂಡರೆ ಎದುರಿಗೇನೂ ಇಲ್ಲವೆಂದು ನುಗ್ಗಿಬಿಡುತ್ತಾನೆ. “ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ವಲ್ಲಪ್ಪ” ಎಂದು ಅವರು ಕಾಲೆತ್ತಿಕೊಂಡು ಕೂರುತ್ತಾರೆ. ಗೋಡೆಗೆ ಅಂಜಿ ಹಿರಿಯರಿಗೆ ಅಂಜದ ಯಂತ್ರ ಇದು ಎಂದು ಡಾಕ್ಟರ ತೀರ್ಪು.

ಇಂಥ ಗಾಡಿಗಳಿಗೂ ಕುಲಮೂಲ ಇದೆ. 1948-49ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳು ವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಯಾಂತ್ರಿಕ ಆಮೆಗಳನ್ನು ಕಟ್ಟಿದ. ರೇಡಿಯೋ ವಾಲ್ವು ಎರಡೇ ಎರಡು, ಬೆಳಕು ಕಾಣುವ ಒಂದು ಕಣ್ಣು, ಯಾವುದಕ್ಕಾದರೂ ತಾಗಿದರೆ ತಿಳಿಯುವ ಚಿಪ್ಪು. ಅಷ್ಟರಲ್ಲೇ ಅವು ಕೋಣೆಯೆಲ್ಲ ಅಲೆದವು, ಮಂದ ಬೆಳಕಿಗೆ ಒಲಿದವು, ಪ್ರಖರ ಬೆಳಕಿಗೆ ಮುಖ ತಿರುವಿದವು, ಬ್ಯಾಟರಿ ಇಳಿದಾಗ ದೀಪವಿದ್ದ ಗೂಡಿಗೆ ತಾವಾಗಿ ಮರಳಿದವು. ಕನ್ನಡಿಯ ಮುಂದೆ ಬಂದರೆ ತಮ್ಮದೇ ದೀಪವನ್ನು ಕಂಡು ತಕಪಕ ಕುಣಿದವು. ನೋಡಿದವರು ಆಮೆಗಳಿಗೆ ಸ್ವಭಾವವನ್ನೇ ಹಚ್ಚಿದರು. ಎರಡು ವಾಲ್ವಿಗೆ ಸ್ವಭಾವ ಹುಟ್ಟಬಹುದಾದರೆ ಮೂರ್ಹೊತ್ತು ಉಣ್ಣುವ ನನಗೂ ಇರಬೇಕೆಂಬ ಧೈರ್ಯ ಬಂದದ್ದು ಈ ಕಥೆ ಕೇಳಿದ ಮೇಲೆ.

ಆಮೆಯ ಬಳಿಕ ಇಲಿ. ಚಕ್ರವ್ಯೂಹದಲ್ಲಿ ತಾನೇ ದಾರಿ ಹುಡುಕುವ ಯಂತ್ರದಿಲಿಗಳ ಸ್ಪರ್ಧೆಯನ್ನು ಐಇಇಇ ಸ್ಪೆಕ್ಟ್ರಮ್ ಪತ್ರಿಕೆ 1977ರಲ್ಲಿ ಸಾರಿತು, 1979ರಲ್ಲಿ ನ್ಯೂಯಾರ್ಕಿನಲ್ಲಿ ಅಂತಿಮ ಓಟ ನಡೆಯಿತು. ಯೋಚಿಸುವ ಇಲಿಗಳು ಯೋಚಿಸುತ್ತಿದ್ದಂತೆ, ತಲೆಯೇ ಇಲ್ಲದ ಒಂದು ಇಲಿ ಒಂದೇ ಬದಿಯ ಗೋಡೆಯನ್ನು ಸವರಿಕೊಂಡು ಸರ್ರನೆ ಓಡಿ ಎಲ್ಲಕ್ಕಿಂತ ಬೇಗ ಹೊರಬಿತ್ತು. ಆಮೇಲಿನ ಸ್ಪರ್ಧೆಗಳಲ್ಲಿ ಗುರಿಯನ್ನು ವ್ಯೂಹದ ನಡುಮಧ್ಯಕ್ಕೆ ಸಾಗಿಸಿಬಿಟ್ಟರು, ಗೋಡೆ ಹಿಡಿದವರಿಗೆ ಎಟುಕದ ಹಾಗೆ. ಸರ್ಕಾರಿ ಕಚೇರಿಗಳಲ್ಲಿ ಗೋಡೆ ಸವರಿಕೊಂಡೇ ಮೇಲೆ ಹೋದ ಕೆಲವರ ನೆನಪಾಗಿ ನನಗೆ ಆ ದಡ್ಡ ಇಲಿಯ ಮೇಲೆ ಗೌರವ ಹೆಚ್ಚಿತು.

ಈ ವರ್ಷ ಸಂಘದ ಹಂಬಲವೆಲ್ಲ ಒಂದು ಕೈಯ ಮೇಲಿದೆ. ಗಾಡಿಯಲ್ಲ, ಕೈ. ನೀಲಿ ಬಣ್ಣದ, 9 ಗ್ರಾಂ ತೂಗುವ ಪುಟ್ಟ ಸರ್ವೋ ಮೋಟರುಗಳನ್ನು ಗೆಣ್ಣುಗಳಲ್ಲಿ ಕೂರಿಸಿ ಮಾಡಿದ್ದು. ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದೊಂದು ಮೋಟರಿಗೂ ಒಂದು ಮಿಡಿತ ಕಳಿಸಬೇಕು. ಮಿಡಿತ ಒಂದೂವರೆ ಮಿಲಿಸೆಕೆಂಡು ಉದ್ದವಿದ್ದರೆ ಗೆಣ್ಣು ನಡುವಿಗೆ, ಕಡಿಮೆಯಾದರೆ ಒಂದು ಕಡೆಗೆ, ಹೆಚ್ಚಾದರೆ ಇನ್ನೊಂದು ಕಡೆಗೆ. ಕೆಲಸ ತಟ್ಟೆಯಿಂದ ಒಂದು ತಿಂಡಿ ಎತ್ತಿ ಹುಡುಗನ ಕೈಗೆ ಕೊಡುವುದು. ಚಕ್ಕುಲಿಯಿಂದ ಆರಂಭಿಸಿದೆವು. ಕೈಗೆ ಒತ್ತಡದ ಅರಿವಿಲ್ಲ, ಚಕ್ಕುಲಿ ಪುಡಿಯಾಯಿತು. ನಿಪ್ಪಟ್ಟು ಹಿಡಿತಕ್ಕೇ ಬರಲಿಲ್ಲ. ಕೊನೆಗೆ ಕೋಡುಬಳೆ. ಅದರ ನಡುವೆ ತೂತಿರುವುದು ರೋಬೋಗಳಿಗಾಗಿಯೇ ಎಂದು ಅಂದು ತಿಳಿಯಿತು. ಬೆರಳು ಒಳಹೊಕ್ಕಿತು, ಕ್ರೀಂ ಎಂದಿತು, ಮಣಿಕಟ್ಟು ತೊಟ್ಟಿಲಾಡಿತು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಕೋಡುಬಳೆ ತಟ್ಟೆ ಬಿಟ್ಟು ಎರಡಂಗುಲ ಏರಿ ಅಲ್ಲೇ ನಡುಗುತ್ತ ನಿಂತಿತು. ಹುಡುಗನಿಗೆ ತಡೆಯಲಾಗದೆ ತಾನೇ ಕಿತ್ತುಕೊಂಡು ತಿಂದ.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರು ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಚೆಸ್ಸಿನಲ್ಲಿ ಸೋಲಿಸಿತಲ್ಲ, ಆಗಲೂ ಅದರ ಪರವಾಗಿ ಕಾಯಿ ನಡೆಸಲು ಬೋರ್ಡಿನ ಮುಂದೆ ಒಬ್ಬ ಮನುಷ್ಯ ಕೂತಿದ್ದ. ದೊಡ್ಡವರ ಬುದ್ಧಿಯಾಟ ಯಂತ್ರಕ್ಕೆ ಸುಲಭ, ವರ್ಷದ ಕೂಸು ಮಾಡುವ ಕೆಲಸ ಬಲುಕಷ್ಟ ಎಂದು ರೋಬೋ ತಜ್ಞ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದ. ಕೋಡುಬಳೆಯ ವಿಷಯದಲ್ಲಿ ಆ ಮಾತಿಗೆ ನಾವು ಸಾಕ್ಷಿ ಹೇಳಬಲ್ಲೆವು.

ಸರ್ವೋ ಸುಟ್ಟರೆ ಎಸ್.ಪಿ. ರೋಡಿಗೆ ಹೋಗಬೇಕು. ಸದರ್ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಟೌನ್‌ಹಾಲ್ ಕಡೆಯಿಂದ ಒಳಹೊಕ್ಕರೆ ಗಾಡಿಗಳೂ ಜನರೂ ಒಬ್ಬರನ್ನೊಬ್ಬರು ಉಜ್ಜಿಕೊಂಡೇ ಸಾಗಬೇಕು. ಅಂಗಡಿಯೊಳಗೆ ನೆಲದಿಂದ ಚಾವಣಿವರೆಗೂ ಪುಟ್ಟ ಪುಟ್ಟ ಡ್ರಾಯರುಗಳು. ಯಾವುದರಲ್ಲಿ ಏನಿದೆಯೆಂದು ಬರೆದಿರುವುದಿಲ್ಲ, ಹುಡುಗರ ಬೆರಳುಗಳಿಗೆ ಗೊತ್ತು. ಆನ್‌ಲೈನಿನಲ್ಲಿ ಎಲ್ಲ ಮನೆಗೇ ಬರುತ್ತದೆ, ನಿಜ. ಆದರೆ ಬೇಕಾಗಿಲ್ಲದ್ದನ್ನು ಕೊಳ್ಳುವ ಸುಖ ಮಾತ್ರ ಕೌಂಟರಿನ ಮುಂದೆ ನಿಂತವನಿಗೇ ಹೆಚ್ಚು. ಒಂದು ಮೋಟರು ತರಲು ಹೋಗಿ ಒಂದು ಹಿಡಿ ಬಣ್ಣದ ಎಲ್‌ಇಡಿ, ಯಾವುದಕ್ಕೂ ಹೊಂದದ ಸ್ಪ್ರಿಂಗು, ಒಂದು ಬಜರ್ ಹಿಡಿದು ಬರುತ್ತೇನೆ. ನರೆತ ತಲೆ ನೋಡಿ ಅಂಗಡಿಯವನು ಕೇಳುತ್ತಾನೆ: “ಮಗನ ಪ್ರಾಜೆಕ್ಟಾ ಸಾರ್?” “ಅಲ್ಲಪ್ಪ, ನಂದೇ.” ಅವನು ಬಿಲ್ಲಿನಲ್ಲಿ ಐದು ರೂಪಾಯಿ ಬಿಟ್ಟು ಕರುಣೆ ತೋರಿಸುತ್ತಾನೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೊಂದು ಗುಮಾನಿ ಇದೆ. ಮನೆಯ ವಾಷಿಂಗ್ ಮಿಷನ್ನನ್ನೇ ನೋಡಿ. ನೀರು ಎಷ್ಟೆಂದು ತಿಳಿಯುತ್ತದೆ, ಬಾಗಿಲು ಹಾಕಿಲ್ಲದಿದ್ದರೆ ಮುನಿಸಿಕೊಳ್ಳುತ್ತದೆ, ಬಟ್ಟೆ ಒಂದೇ ಬದಿಗೆ ಗುಪ್ಪೆಯಾದರೆ ಹಿಂಡುವುದನ್ನು ನಿಲ್ಲಿಸಿ ಮತ್ತೆ ಹರವಿಕೊಳ್ಳುತ್ತದೆ. ಯಾವ ಲೆಕ್ಕದಿಂದ ನೋಡಿದರೂ ಗೆರೆಬಡುಕನಿಗಿಂತ ದೊಡ್ಡ ಪಂಡಿತ. ಆದರೂ ಅದನ್ನು ಯಾರೂ ರೋಬೋ ಎನ್ನುವುದಿಲ್ಲ, ಅದರ ಸುತ್ತ ನೆರೆದು ಉಸಿರು ಹಿಡಿಯುವುದಿಲ್ಲ. ಲಿಫ್ಟೂ ಅಷ್ಟೇ, ಕರೆದರೆ ಬರುತ್ತದೆ, ನೆಲದ ಸಮಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಂಡು ನಿಲ್ಲುತ್ತದೆ, ನಾವು ಅದರೊಳಗಿನ ಕನ್ನಡಿ ನೋಡಿಕೊಳ್ಳುತ್ತೇವೆ. ಯಂತ್ರ ತನ್ನ ಕೆಲಸವನ್ನು ಪಳಗಿದ ಕೈಯಲ್ಲಿ ಮಾಡಲು ಕಲಿತ ದಿನ ಮನೆಸಾಮಾನಾಗುತ್ತದೆ. ಎಡವುವಷ್ಟು ದಿನ ಮಾತ್ರ ಅದು ರೋಬೋ. ನಮ್ಮನ್ನು ನೆಲಕ್ಕೆ ಮಂಡಿಯೂರಿಸುವುದು ಅದರ ಜಾಣತನವಲ್ಲ, ಅದರ ತಬ್ಬಿಬ್ಬು. ಗಾಡಿ ತಿರುವಿನಲ್ಲಿ ನಿಂತು ಆಚೆಗೊಮ್ಮೆ ಈಚೆಗೊಮ್ಮೆ ಮೂಗಾಡಿಸುವಾಗ ಅಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಸರಾಗವಾಗಿ ಓಡಿದಾಗ ಯಾರೂ ಇಲ್ಲ.

ಇದು ನಮ್ಮ ಮಹಡಿಗಷ್ಟೇ ಸಲ್ಲುವ ಮಾತಲ್ಲ. 2023ರ ಆಗಸ್ಟ್ 23ರಂದು ವಿಕ್ರಮ್ ನೌಕೆ ಚಂದ್ರನ ಮೇಲಿಳಿದ ನಂತರ ಅದರ ಹೊಟ್ಟೆಯಿಂದ ಹೊರಬಂದ ಪ್ರಗ್ಯಾನ್ ರೋವರ್‌ಗೆ ಆರು ಚಕ್ರ, 26 ಕಿಲೋ ತೂಕ, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರು. ನಾಲ್ಕು ದಿನಗಳ ನಂತರ ಅದರ ದಾರಿಗೆ 4 ಮೀಟರು ಅಗಲದ ಗುಂಡಿಯೊಂದು ಎದುರಾಯಿತು. ಮೂರು ಮೀಟರು ಮೊದಲೇ ಅದನ್ನು ಕಂಡು, ಬಂದ ದಾರಿಯಲ್ಲೇ ಹಿಂದಿರುಗಬೇಕೆಂದು ಭೂಮಿಯಿಂದ ಆಜ್ಞೆ ಹೋಯಿತು. ಇಳಿದ ದಿನ ದೇಶವೆಲ್ಲ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ಆದರೆ ಗುಂಡಿಯ ಮುಂದೆ ನಿಂತು ಹಿಂದೆ ಸರಿದ ಸುದ್ದಿ ಬಂದ ಮೇಲೆಯೇ ಹುಡುಗ “ನಮ್ ಪ್ರಗ್ಯಾನ್” ಎನ್ನತೊಡಗಿದ್ದು. ಬೆಂಗಳೂರಿನವರಿಗೆ ಗುಂಡಿ ಕಂಡು ಗಾಡಿ ತಿರುಗಿಸುವ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಹೊಸ ಭಾನುವಾರಿಗರೊಬ್ಬರು ಸೇರಿದ್ದಾರೆ. ಕಂಪನಿಯೊಂದರಲ್ಲಿ ಮ್ಯಾನೇಜರು, ಉತ್ಸಾಹಿ. ಎರಡು ವಾರ ನಮ್ಮ ಅವಸ್ಥೆ ನೋಡಿ ಮೂರನೆಯ ವಾರ ಫೈಲು ತಂದರು. ಸಂಘವನ್ನು ನೋಂದಾಯಿಸೋಣ, 1960ರ ಕಾಯ್ದೆಯ ಪ್ರಕಾರ ಏಳು ಜನ ಇದ್ದರೆ ಸಾಕು, ಬೈಲಾ ಇರಲಿ, ಅಧ್ಯಕ್ಷರು, ಖಜಾಂಚಿ ಇರಲಿ ಎಂದರು. ಯಾರೂ ಬೇಡವೆನ್ನಲಿಲ್ಲ. ಸ್ಕ್ರೂ ಹುಡುಕುವ ಹುದ್ದೆಗೆ ಒಂದು ಹೆಸರು ಸಿಕ್ಕೀತೆಂದು ನನಗೂ ಆಸೆಯಾಯಿತು. ಅರ್ಜಿ ತುಂಬುತ್ತ ಅವರು ‘ಉದ್ದೇಶ’ ಎಂಬಲ್ಲಿಗೆ ಬಂದು ತಲೆಯೆತ್ತಿದರು. ನಾವು ಮುಖ ಮುಖ ನೋಡಿಕೊಂಡೆವು.

“ಗೆರೆ ಮೇಲೆ ಗಾಡಿ ಸರಿಯಾಗಿ ಓಡಿಸೋದು ಅಂತ ಬರೀರಿ ಅಂಕಲ್” ಎಂದ ಹುಡುಗ.

ವಾಚ್ ಸಾರ್ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: “ಓಡಿಬಿಟ್ರೆ?”

ಅದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ವಿಷಯವನ್ನು ಮುಂದಿನ ಭಾನುವಾರಕ್ಕೆ ಹಾಕಿದೆವು, ಆ ಭಾನುವಾರ ಬಂದಾಗ ಅದರ ಮುಂದಿನದಕ್ಕೆ. ಮುಂದೂಡುವ ಒಂದು ಕೆಲಸದಲ್ಲಿ ಮಾತ್ರ ನಾವು ವಾಷಿಂಗ್ ಮಿಷನ್ನಿನ ಮಟ್ಟಕ್ಕೆ ಪಳಗಿಬಿಟ್ಟಿದ್ದೇವೆ.