ನೀರಿನೊಡನೆ ಜಗಳ

ಯಗಟಿಯ ನಮ್ಮ ತೋಟದ ಬಾವಿಗೆ ಕಲ್ಲಿನ ಮೆಟ್ಟಿಲುಗಳಿದ್ದುವು. ಕಡೂರು ಸೀಮೆಯಲ್ಲಿ ಮಳೆ ಕಡಮೆ. ಆದುದರಿಂದ ಬಾವಿ ತುಂಬಿದ ವರ್ಷ ಹುಡುಗರಿಗೆಲ್ಲ ಹಬ್ಬವೇ ಸರಿ. ನಾವು ಹತ್ತು ವರ್ಷದವರಾಗಿದ್ದಾಗ ದೊಡ್ಡಪ್ಪನವರು ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ನೀರಿಗಿಳಿಸಿದರು. "ನೀರಿನೊಡನೆ ಜಗಳವಾಡಬೇಡ" ಎಂಬುದೊಂದೇ ಅವರ ಉಪದೇಶ.

ಅದೇ ಬೇಸಗೆಯಲ್ಲಿ ನಮ್ಮ ತಮ್ಮನು ಬುರುಡೆಯಿಲ್ಲದೆ, ಯಾರಿಗೂ ಹೇಳದೆ ಬಾವಿಗೆ ಹಾರಿದನು. ಕೈಗಳನ್ನು ಮೇಲಕ್ಕೆತ್ತಿ ಬಡಿದನು, ಕೂಗಿದನು, ಮುಳುಗಿದನು. ದೊಡ್ಡಪ್ಪನವರು ಜುಟ್ಟು ಹಿಡಿದೆಳೆದುದರಿಂದ ಪ್ರಾಣ ಉಳಿಯಿತು. ಆದರೆ ಮರುದಿನವೇ ತೋಟದ ಬಾಗಿಲಿಗೆ ಬೀಗ ಬಿದ್ದಿತು. ತನ್ನ ಸರದಿಗಾಗಿ ಕಾದಿದ್ದ ನಮ್ಮ ತಂಗಿಗೆ ಆ ಸರದಿ ಬರಲೇ ಇಲ್ಲ.

ತಮ್ಮನು ಮುಳುಗಿದುದೇಕೆ? ದೊಡ್ಡಪ್ಪನವರ ಮಾತಿನ ಅರ್ಥವು ನಮಗೆ ತಿಳಿದುದು ಮುಂದೆ ಶಾಲೆಯಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ಓದಿದಾಗ. ದೇಹವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದಷ್ಟು ಬಲವು ಅದನ್ನು ಮೇಲಕ್ಕೊತ್ತುವುದು. ಮನುಷ್ಯನ ದೇಹವೂ ನೀರೂ ಸಾಂದ್ರತೆಯಲ್ಲಿ ಬಹುಮಟ್ಟಿಗೆ ಸಮ. ಶ್ವಾಸಕೋಶ ತುಂಬಿದ್ದರೆ ಸಾಮಾನ್ಯವಾಗಿ ತೇಲುತ್ತೇವೆ. ಕೈಯನ್ನು ಮೇಲೆತ್ತಿದರೆ ನೀರು ಹೊರುವ ಭಾಗ ಕಡಮೆಯಾಗುವುದು. ಕೂಗಿದರೆ ಎದೆಯ ಗಾಳಿ ಹೋಗುವುದು. ಭಯವು ಮಾಡಿಸಿದ ಎರಡು ಕೆಲಸಗಳೂ ಮುಳುಗಿಸುವ ಕೆಲಸಗಳೇ.

ಪಂದ್ಯದ ಈಜಿನಲ್ಲಿಯೂ ಇದೇ ನೀತಿ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರ. ವೇಗ ಎರಡರಷ್ಟಾದರೆ ಅದರ ತಡೆ ಸುಮಾರು ನಾಲ್ಕರಷ್ಟಾಗುವುದು. ತಡೆಯನ್ನು ಗೆಲ್ಲಲು ಬೇಕಾದ ಶಕ್ತಿಯೋ ಎಂಟರಷ್ಟು. ಆದುದರಿಂದ ಬಲವಾಗಿ ಬಡಿಯುವವನಿಗಿಂತ ಮೈಯನ್ನು ಬಾಣದಂತೆ ನೀಳವಾಗಿಡುವವನೇ ಮುಂದೆ ಹೋಗುವನು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್ ನಗರದಲ್ಲಿ 100 ಮೀಟರು ದೂರವನ್ನು ಅಂಗಾತವಾಗಿ 53.77 ಸೆಕೆಂಡುಗಳಲ್ಲಿ ಈಜಿ ಟೋಕಿಯೋ ಒಲಿಂಪಿಕ್ಸಿಗೆ ಅರ್ಹರಾದರು. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಎರಡು ಮೀಟರಿಗೂ ಕಡಮೆ. ಬಿರುಸಿನಿಂದ ನಡೆಯುವವನ ವೇಗ! ಅಷ್ಟಕ್ಕೇ ನೀರು ವರ್ಷಗಳ ಸಾಧನೆಯನ್ನು ಕೇಳುವುದು. ಗೋಡೆಯನ್ನು ಒದ್ದು ನೀರೊಳಗೆ ಸಾಗುವಾಗ ಮೇಲಿನ ಅಲೆಗಳ ತಡೆ ಇಲ್ಲದಿರುವುದರಿಂದ ಲಾಭ ಹೆಚ್ಚು. ಹಾಗೆ 15 ಮೀಟರು ಮಾತ್ರ ಹೋಗಬಹುದೆಂದು ನಿಯಮವುಂಟು.

ಬೆಂಗಳೂರಿನವಳೇ ಆದ ಧಿನಿಧಿ ದೇಸಿಂಗು 14ನೆಯ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರು ಈಜಿದುದನ್ನು ನೋಡಿ ನಮ್ಮ ಮೊಮ್ಮಗಳು ತಾನೂ ಕಲಿಯುವೆನೆಂದು ಹಟ ಹಿಡಿದಳು. ಮನೆಯಲ್ಲಿ ಎಲ್ಲರೂ ಹಳೆಯ ಬಾವಿಯನ್ನು ನೆನೆದು ಸುಮ್ಮನಾದರು. "ಕಲಿಸಿ" ಎಂದವಳು ನಮ್ಮ ತಂಗಿ ಒಬ್ಬಳೇ.

ಮೊದಲ ದಿನ ತಂಗಿಯೂ ಕೊಳದ ದಂಡೆಗೆ ಬಂದಳು. ಶಿಕ್ಷಕರ ಅಂಗೈ ಮೇಲೆ ಮಗು ಅಂಗಾತ ಮಲಗಿತು, ಅಂಗೈ ಮೆಲ್ಲನೆ ಸರಿಯಿತು, ಮಗು ತೇಲಿತು. ತಂಗಿ ಬಹಳ ಹೊತ್ತು ನೋಡಿ, "ಇಷ್ಟೇ ಏನಣ್ಣ?" ಎಂದಳು. ಅರುವತ್ತು ವರ್ಷಗಳ ಬೀಗಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ನೀರಿನ ಬಳಿ ಮಕ್ಕಳು ಒಂಟಿಯಾಗಿ ಹೋಗಕೂಡದು, ನಿಜ. ಆದರೆ ಕಾಯುವ ಕಣ್ಣೂ ಕಲಿಸುವ ಕೈಯೂ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಬೀಗಕ್ಕಿಂತ ಈಜೇ ಹೆಚ್ಚಿನ ಕಾವಲು.