ಮೂವತ್ತೈದರೊಳಗೆ

ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಘದ ಕಾರ್ಯದರ್ಶಿ ಮೂರು ಸಲ ಕೇಳಿದರು. ಕವನ ನನ್ನಿಂದಾಗದು. ಕಥೆ ಕಟ್ಟಲು ಹೋದರೆ ಎರಡನೆಯ ಪುಟಕ್ಕೇ ಪಾತ್ರಗಳೆಲ್ಲ ಊರಿಗೆ ಹೊರಟುಬಿಡುತ್ತವೆ. ಕಾಮರ್ಸ್ ಓದುವವನಿಗೆ ಗೊತ್ತಿರುವುದು ಅಂಕಿ. ಹಾಗಾಗಿ ಒಂದು ಅಂಕಿಯ ವಿಷಯವನ್ನೇ ಬರೆಯುತ್ತಿದ್ದೇನೆ. ನಾನೇ ಬರೆದ ಒಂದು ಸುಳ್ಳು ಲೆಕ್ಕವೂ ಇದರಲ್ಲಿ ಸೇರಿದೆ. ದೊಡ್ಡಮ್ಮನನ್ನು ಕೇಳಿದ್ದೇನೆ. 'ಹೆಸರು ಹಾಕಬೇಡ, ಬೇರೆ ಎಂಥ ಬೇಕಾದರೂ ಬರಿ' ಅಂದಿದ್ದಾರೆ.

ಕುಂದಾಪುರದ ಕಡೆ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, 2021ರಲ್ಲಿ ಮುಂಬಯಿಗೆ ಬಂದು ಡೊಂಬಿವಲಿಯ ದೊಡ್ಡಮ್ಮನ ಮನೆ ಸೇರಿದವನು ನಾನು. ದೊಡ್ಡಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಬೆಳಿಗ್ಗೆ ಐದಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ ಹನ್ನೊಂದು. ಮಗಳು, ನಮ್ಮ ಅಕ್ಕ, ಮದುವೆಯಾಗಿ ಪುಣೆಯಲ್ಲಿದ್ದಾಳೆ. 2022ರ ಮಳೆಗಾಲದಲ್ಲಿ ದೊಡ್ಡಮ್ಮನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಗ್ಯಾಸ್ ಅಂತ ಓಮದ ನೀರು ಕುಡಿದರು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಅಂದರು. ಸೀರೆಯ ನೆರಿಗೆ ಕೂರುವುದಿಲ್ಲ ಅಂದಾಗ ಅಕ್ಕ ಬಂದು ಸೋನೋಗ್ರಫಿಗೆ ಕರೆದುಕೊಂಡು ಹೋದಳು. ಹೊಟ್ಟೆಯಲ್ಲಿ ನೀರು, ಅಂಡಾಶಯದಲ್ಲಿ ಗಡ್ಡೆ. ರಕ್ತ ಪರೀಕ್ಷೆಯ ಕಾಗದದಲ್ಲಿ ಸಿಎ-125 ಎಂಬುದರ ಮುಂದೆ 1,284. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 35ರ ಒಳಗಿರಬೇಕು ಎಂದು.

ಡಾಕ್ಟ್ರು ಮರಾಠಿ ಹೆಂಗಸು. ದೊಡ್ಡಮ್ಮನ ಹಿಂದಿ ತರಕಾರಿ ಮಾರ್ಕೆಟ್ಟಿನವರೆಗೆ ಮಾತ್ರ. ನಡುವೆ ದುಭಾಷಿ ನಾನು. ಇದಕ್ಕೆ ಟ್ಯೂಮರ್ ಮಾರ್ಕರ್ ಅಂತಾರೆ ಎಂದು ಹೇಳಿದೆ.

'ಎಂಥದದು ಮಾರ್ಕು?'

'ರಕ್ತದಲ್ಲಿ ಒಂದು ಪದಾರ್ಥ ಎಷ್ಟು ಉಂಟು ಅಂತ ನೋಡುವುದು ದೊಡ್ಡಮ್ಮ. ಮೂವತ್ತೈದರೊಳಗೆ ಇರಬೇಕಂತೆ.'

'ಮೂವತ್ತೈದು ಬಂದರೆ ಪಾಸಲ್ವಾ? ನನಗೆ ಸಾವಿರದ ಮೇಲೆ ಬಂದಿದೆ. ಫಸ್ಟ್ ಕ್ಲಾಸ್ ಮಾರಾಯ.'

ಡಾಕ್ಟ್ರಿಗೆ ನಾನು ಇದನ್ನು ಅನುವಾದ ಮಾಡಲಿಲ್ಲ.

ಆ 35 ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. 1981ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಹೋಗಿ ಅಂಟಿಕೊಳ್ಳುವ ಒಂದು ಪ್ರತಿಕಾಯ ತಯಾರಿಸಿದರು. ಒಂದಾದ ಮೇಲೊಂದು ನೋಡುತ್ತ ಹೋಗಿ ಕೈಗೆ ಹತ್ತಿದ್ದು 125ನೆಯದು. ಹೆಸರಿನ ಅಂಕಿ ಅದೇ. 1983ರಲ್ಲಿ ರಕ್ತದಲ್ಲಿ ಅಳೆಯುವ ಕ್ರಮವನ್ನು ಪ್ರಕಟಿಸಿದರು. 888 ಆರೋಗ್ಯವಂತರನ್ನು ಪರೀಕ್ಷಿಸಿದಾಗ ನೂರಕ್ಕೆ ಒಬ್ಬರಲ್ಲಷ್ಟೇ 35 ದಾಟಿತ್ತು. ಅಂಡಾಶಯದ ಕ್ಯಾನ್ಸರ್ ಇದ್ದ 101 ಹೆಂಗಸರಲ್ಲಿ ನೂರಕ್ಕೆ 82ರ ಪ್ರಮಾಣದಲ್ಲಿ ದಾಟಿತ್ತು. ಗೆರೆ ಎಳೆದದ್ದು ಹೀಗೆ. ದೇಹದೊಳಗೆ ಯಾರೂ 35 ಎಂದು ಬರೆದಿಟ್ಟಿಲ್ಲ. ನಮ್ಮ ಪರೀಕ್ಷಾ ಮಂಡಳಿಯವರದ್ದೂ ಇಂಥದ್ದೇ ಗೆರೆ ತಾನೆ?

ಗೆರೆ ದಾಟಿದವರೆಲ್ಲರಿಗೂ ಕ್ಯಾನ್ಸರ್ ಅಂತಲೂ ಅಲ್ಲ. ಹೊಟ್ಟೆಯ ಒಳಪದರ, ಗರ್ಭಕೋಶದ ಒಳಪದರ ಇವೂ ಈ ಪದಾರ್ಥವನ್ನು ಸ್ವಲ್ಪ ತಯಾರಿಸುತ್ತವೆ. ಮುಟ್ಟಿನಲ್ಲಿ, ಬಸಿರಿನಲ್ಲಿ ಏರಬಹುದು. ಲಿವರ್ ಕೆಟ್ಟರೂ ಏರುತ್ತದೆ. ಹೊಟ್ಟೆಯ ಕ್ಷಯದಲ್ಲಿ ನೀರೂ ತುಂಬಿ, ಅಂಕಿಯೂ ಏರಿ, ಕ್ಯಾನ್ಸರ್ ಎಂದೇ ಭ್ರಮೆ ಹುಟ್ಟಿಸುವುದುಂಟು. ಅದಕ್ಕೇ ತುಣುಕು ತೆಗೆದು ಪರೀಕ್ಷಿಸುವವರೆಗೆ ಡಾಕ್ಟ್ರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ರೋಗ ಆಗಷ್ಟೇ ಶುರುವಾದವರಲ್ಲಿ ಸುಮಾರು ಅರ್ಧ ಮಂದಿಗೆ ಅಂಕಿ ಏರುವುದೇ ಇಲ್ಲ. ಅಕೌಂಟೆನ್ಸಿಯಲ್ಲಿ ಮೊದಲ ವರ್ಷವೇ ಹೇಳಿಕೊಡುತ್ತಾರೆ: ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ತಾಳೆಯಾಗಿಯೂ ಒಳಗೆ ತಪ್ಪು ಅಡಗಿರಬಹುದು. ಅಕ್ಕ ತಾನೂ ಒಮ್ಮೆ ಮಾಡಿಸಲೇ ಎಂದು ಕೇಳಿದಾಗ ಡಾಕ್ಟ್ರು ಬೇಡ ಅಂದರು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಹೆಂಗಸರು ಸೇರಿದ್ದ ಒಂದು ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತಂತೆ. ಆರೋಗ್ಯವಾಗಿದ್ದವರನ್ನು ಹೀಗೆ ಪರೀಕ್ಷಿಸುತ್ತ ಹೋದದ್ದರಿಂದ ಸಾವು ಕಡಿಮೆಯಾಗಲಿಲ್ಲ. ವಂಶದಲ್ಲಿ ಬರುವ ದೋಷವೋ ಎಂದು ದೊಡ್ಡಮ್ಮನ ಜೀನ್ ಬೇರೆಯೇ ಪರೀಕ್ಷಿಸಿದರು. ಇರಲಿಲ್ಲ.

ಇಲ್ಲಿ ಒಂದು ಮಾತು. ಕ್ಯಾನ್ಸರಿಗೆ ನಮ್ಮ ಪುಸ್ತಕದ ಕನ್ನಡದಲ್ಲಿ ಅರ್ಬುದ ಅಂತಾರೆ. ಆರ್ಯಭಟನ ಎಣಿಕೆಯಲ್ಲಿ ಕೋಟಿಯ ಮುಂದಿನ ಸ್ಥಾನದ ಹೆಸರೂ ಅರ್ಬುದವೇ, ಹತ್ತು ಕೋಟಿ. ಶಾಲೆಯಲ್ಲಿ ಗಣಿತದ ಮೇಷ್ಟ್ರು ಹೇಳಿದ್ದರು. ಒಂದೇ ಪದ ರೋಗಕ್ಕೂ ಅಂಕಿಗೂ ಯಾಕೆ ಎಂದು ಆಗ ಕೇಳಲು ಹೊಳೆಯಲಿಲ್ಲ.

ಇರಲಿ. ಇಪ್ಪತ್ತೊಂದು ದಿನಕ್ಕೊಂದರಂತೆ ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ. ನಾನು ಒಂದು ಉದ್ದ ಪುಸ್ತಕ ತಂದು ತಾರೀಖು, ಅಂಕಿ, ಷರಾ ಎಂದು ಮೂರು ಮನೆ ಎಳೆದೆ. 1,284. ಮೂರು ಕೀಮೋ ಆದ ಮೇಲೆ 212. 2023ರ ಜನವರಿಯಲ್ಲಿ, ಆರೂ ಮುಗಿದಾಗ 16. ಈ ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿಯೇ, ಇದ್ದ ರೋಗ ಇಳಿಯುತ್ತಿದೆಯೋ ಹಬ್ಬುತ್ತಿದೆಯೋ ಎಂದು ಹಿಂದೆಯೇ ನಡೆದು ನೋಡುವುದರಲ್ಲಿ. ಬ್ಯಾಸ್ಟ್ ಅವರ ಆ 1983ರ ಲೇಖನದಲ್ಲೇ 45 ಸಂದರ್ಭಗಳಲ್ಲಿ 42ರಲ್ಲಿ ರೋಗದ ಏರಿಳಿತವೂ ಅಂಕಿಯ ಏರಿಳಿತವೂ ಹೊಂದಿದ್ದವು. 16 ಬಂದ ದಿನ ದೊಡ್ಡಪ್ಪ ಹೋಟೆಲಿನಿಂದ ಬಾದಾಮಿ ಹಲ್ವ ತಂದರು. ದೊಡ್ಡಮ್ಮನಿಗೆ ನಾಲಿಗೆಯ ರುಚಿ ಹೋಗಿತ್ತು. 'ಮೇಣ ತಿಂದ ಹಾಗೆ ಆಗ್ತದೆ' ಅಂತಲೇ ಎರಡು ತುಂಡು ತಿಂದರು.

ಆಮೇಲೆ ಮೂರು ತಿಂಗಳಿಗೊಮ್ಮೆ. ಏಪ್ರಿಲಿನಲ್ಲಿ 12, ಜುಲೈಯಲ್ಲಿ 11. ಅಕ್ಟೋಬರಿನಲ್ಲಿ ದುಡ್ಡು ಉಳಿಯುತ್ತದೆ ಎಂದು ಸ್ಟೇಷನ್ ಹತ್ತಿರದ ಬೇರೆ ಲ್ಯಾಬಿಗೆ ಕರೆದುಕೊಂಡು ಹೋದವನು ನಾನೇ. 29 ಬಂತು. ಮನೆಯಲ್ಲಿ ಆ ವಾರ ಯಾರಿಗೂ ನಿದ್ದೆ ಇಲ್ಲ. ಮಾಮೂಲಿ ಲ್ಯಾಬಿನಲ್ಲಿ ಮತ್ತೆ ಕೊಟ್ಟಾಗ 13. ಡಾಕ್ಟ್ರು ಬೈದರು. ಲ್ಯಾಬಿನಿಂದ ಲ್ಯಾಬಿಗೆ ವಿಧಾನ ಬೇರೆ, ಅಂಕಿ ಬೇರೆ. ಪ್ರತಿ ಸಲವೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಅಂದರು. ದೊಡ್ಡಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲೇ ಇಲ್ಲ. ಮಾರ್ಕೆಟ್ಟಿನ ತಕ್ಕಡಿಗಳ ವಿಷಯದಲ್ಲಿ ಅವರಿಗೆ ಮೂವತ್ತು ವರ್ಷದ ಅನುಭವ ಉಂಟು.

2024ರ ಜನವರಿಯಲ್ಲಿ 22. ಪಾಸು. ಆದರೂ ಷರಾದ ಮನೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ. ಏಪ್ರಿಲಿನ ರಿಪೋರ್ಟು ಒಂದು ಶನಿವಾರ ಲೋಕಲ್ ಟ್ರೇನಿನಲ್ಲಿ ನಿಂತಿದ್ದಾಗ ನನ್ನ ಫೋನಿಗೆ ಬಂತು. 41. ಮುಂದಿನ ವಾರ ಪುಣೆಯಲ್ಲಿ ಅಕ್ಕನ ಸೀಮಂತ. ಮನೆಯಲ್ಲಿ ದೊಡ್ಡಮ್ಮ ಹಸಿರು ಬಳೆ ಲೆಕ್ಕ ಹಾಕುತ್ತಿದ್ದರು. ಎಷ್ಟು ಬಂತು ಎಂದು ತಲೆ ಎತ್ತದೆಯೇ ಕೇಳಿದರು.

'ಹದಿನಾಲ್ಕು' ಅಂದೆ.

ಪುಸ್ತಕ ಅವರು ಆಗಾಗ ತೆರೆದು ನೋಡುವುದುಂಟು. ಹಾಗಾಗಿ ಅದರಲ್ಲೂ 14 ಎಂದೇ ಬರೆದೆ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ 41. ತೆರಿಗೆ ತಪ್ಪಿಸುವವರು ಎರಡು ಲೆಕ್ಕ ಪುಸ್ತಕ ಇಡುತ್ತಾರೆ ಎಂದು ಕ್ಲಾಸಿನಲ್ಲಿ ಕೇಳಿ ನಕ್ಕವನು ನಾನು. ಡಾಕ್ಟ್ರ ಭೇಟಿಯನ್ನೂ ಫೋನ್ ಮಾಡಿ ಮೇ ತಿಂಗಳಿಗೆ ದೂಡಿದೆ. ಸೀಮಂತದಲ್ಲಿ ದೊಡ್ಡಮ್ಮ ಹೊಸದಾಗಿ ಬೆಳೆದ ಗುಂಗುರು ಕೂದಲಿಗೆ ಪಿನ್ನಿನಿಂದ ಮಲ್ಲಿಗೆ ಸಿಕ್ಕಿಸಿಕೊಂಡು ಓಡಾಡಿದರು. ಆ ಫೋಟೋಗಳಲ್ಲಿ ನಾನೊಬ್ಬನೇ ಬೇರೆ ಕಡೆ ನೋಡುತ್ತಿದ್ದೇನೆ.

ಮೇ ತಿಂಗಳಲ್ಲಿ ಡಾಕ್ಟ್ರು ಕಂಪ್ಯೂಟರಿನ ಪರದೆ ನೋಡುತ್ತ ನನಗೆಂದೇ ಹೇಳಿದರು: 'ಪಿಛಲೀ ಬಾರ್ ಇಕತಾಲೀಸ್ ಥಾ, ಅಬ್ ಅಠಾವನ್.' ದೊಡ್ಡಮ್ಮನ ಹಿಂದಿ ತರಕಾರಿ ಮಾರ್ಕೆಟ್ಟಿನದು ಎಂದು ಆಗಲೇ ಬರೆದಿದ್ದೇನೆ. ಮಾರ್ಕೆಟ್ಟಿನ ಹಿಂದಿಯೆಂದರೆ ಪೂರ್ತಿ ಅಂಕಿಗಳೇ. ಅವರು ನನ್ನ ಕಡೆ ತಿರುಗಿದರು. ಏನೂ ಅನ್ನಲಿಲ್ಲ. ಟ್ರೇನಿನಲ್ಲಿ ಠಾಣೆ ದಾಟಿದ ಮೇಲೆ ಹೇಳಿದರು, 'ನಲವತ್ತೊಂದನ್ನು ತಿರುಗಿಸಿ ಹದಿನಾಲ್ಕು ಮಾಡಿದೆ ಅಲ್ವಾ?'

ಲೆಕ್ಕ ಬರೆಯುವವರಿಗೆ ಒಂದು ಹಳೆಯ ಉಪಾಯ ಗೊತ್ತು. ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. 41ರಲ್ಲಿ 14 ಕಳೆದರೆ 27. ನಾನು ಬೇಕೆಂದೇ ಹಾಗೆ ಮಾಡಿರಲಿಲ್ಲ, ಬಾಯಿಗೆ ಬಂದದ್ದು ಅದು. ಸಿಕ್ಕಿಬೀಳುವುದಕ್ಕೆ ಅದಕ್ಕಿಂತ ಸುಲಭದ ಸುಳ್ಳಿಲ್ಲ.

ಜೂನ್ ತಿಂಗಳಲ್ಲಿ 78. ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ದೊಡ್ಡಮ್ಮನಿಗೆ ನೋವಿಲ್ಲ, ಉಬ್ಬರವಿಲ್ಲ. ಈಗಲೇ ಕೀಮೋ ಶುರು ಮಾಡಿ ಎಂದು ನಾನೂ ಫೋನಿನಲ್ಲಿ ಅಕ್ಕನೂ ಹಟ ಹಿಡಿದೆವು. ಸಾಲ ಬೇಗ ತೀರಿಸಿದಷ್ಟೂ ಬಡ್ಡಿ ಕಡಿಮೆ ಎಂಬುದು ನನ್ನ ತರ್ಕ. ಆಗ ಡಾಕ್ಟ್ರು ಒಂದು ಅಧ್ಯಯನದ ವಿಷಯ ಹೇಳಿದರು. 1996ರಿಂದ 2005ರವರೆಗೆ ಬ್ರಿಟನ್ನಿನಲ್ಲೂ ಯುರೋಪಿನ ಬೇರೆ ಕಡೆಯೂ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದ 1,442 ಹೆಂಗಸರು ಅದಕ್ಕೆ ಸೇರಿದರು. ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದು. ಅಂಕಿಯನ್ನು ಅವರಿಗೂ ಹೇಳುವುದಿಲ್ಲ, ಅವರ ಡಾಕ್ಟರಿಗೂ ಹೇಳುವುದಿಲ್ಲ. ಗೆರೆಯ ಎರಡರಷ್ಟು ದಾಟಿದವರಲ್ಲಿ 529 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಿಷಯ ತಿಳಿಸಿ ಆಗಲೇ ಕೀಮೋ. ಇನ್ನೊಂದಕ್ಕೆ ಏನೂ ತಿಳಿಸದೆ, ಲಕ್ಷಣ ಕಾಣಿಸಿಕೊಂಡಾಗ ಕೀಮೋ. ಮೊದಲ ಗುಂಪಿನವರಿಗೆ ಸುಮಾರು ಐದು ತಿಂಗಳು ಮೊದಲೇ ಮದ್ದು ಶುರುವಾಯಿತು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಬದುಕಿದ ಕಾಲದ ನಡುಮಟ್ಟ ಬೇಗ ಶುರು ಮಾಡಿದವರದು 25.7 ತಿಂಗಳು, ಕಾದವರದು 27.1. ಇಷ್ಟು ಸಣ್ಣ ಅಂತರ ಲೆಕ್ಕಕ್ಕಿಲ್ಲ, ಎರಡೂ ಒಂದೇ. ಬೇಗ ಶುರು ಮಾಡಿದವರ ದೇಹಸುಖ ಮಾತ್ರ ಬೇಗ ಕೆಟ್ಟಿತ್ತು. ಆ ಕಾಲದಲ್ಲಿ ಈಗಿನ ಕೆಲವು ಮಾತ್ರೆಗಳಿರಲಿಲ್ಲ, ಆದ್ದರಿಂದ ಎಲ್ಲ ಡಾಕ್ಟರರೂ ನನ್ನ ಹಾಗೆ ಹೇಳಲಿಕ್ಕಿಲ್ಲ ಎಂದೂ ಅವರು ಸೇರಿಸಿದರು. ತೀರ್ಮಾನ ನಿಮ್ಮದು ಅಂದರು.

ಅಲ್ಲೂ ಅಂಕಿ ಮುಚ್ಚಿಟ್ಟರಲ್ಲ ಎಂದು ಒಂದು ಕ್ಷಣ ನನಗೆ ಸಮಾಧಾನವಾಯಿತು. ಆದರೆ ಆ ಹೆಂಗಸರು ಮುಚ್ಚಿಡಿ ಎಂದು ಒಪ್ಪಿ ಸಹಿ ಹಾಕಿದವರು. ದೊಡ್ಡಮ್ಮನನ್ನು ನಾನು ಏನು ಕೇಳಿದ್ದೆ?

ನಾನು ಅನುವಾದ ಮಾಡಿ ಮುಗಿಸಿದಾಗ ದೊಡ್ಡಮ್ಮ ಸೆರಗಿನ ಅಂಚು ಸುತ್ತುತ್ತಿದ್ದರು.

'ಈಗ ಮದ್ದು ಹಾಕಿದರೂ, ಐದು ತಿಂಗಳು ಬಿಟ್ಟು ಹಾಕಿದರೂ ಒಂದೇಯಾ?'

'ಆಯುಷ್ಯದ ಲೆಕ್ಕದಲ್ಲಿ ಒಂದೇ ಅಂತಾರೆ.'

'ಹಾಗಾದರೆ ಆ ಐದು ತಿಂಗಳು ನನಗೇ ಇರಲಿ.'

ರಕ್ತ ಪರೀಕ್ಷೆಯೂ ಸದ್ಯ ಬೇಡ, ಹೊಟ್ಟೆಯಲ್ಲಿ ಏನಾದರೂ ಅನ್ನಿಸಿದರೆ ನಾನೇ ಹೇಳುತ್ತೇನೆ ಅಂದರು. ಮನೆಗೆ ಬಂದು ಆ ಉದ್ದ ಪುಸ್ತಕ ತರಿಸಿದರು. ಲೆಕ್ಕ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸಬಾರದು. ಮೊದಲಿನದು ಕಾಣುವ ಹಾಗೆ ಒಂದು ಗೆರೆ ಎಳೆದು ಮೇಲೆ ಸರಿಯಾದದ್ದು ಬರೆಯಬೇಕು ಎಂಬುದು ನಿಯಮ. ಅವರೆದುರಿಗೇ 14ಕ್ಕೆ ಗೆರೆ ಎಳೆದು 41 ಬರೆದೆ. ಅಕ್ಕ ನನ್ನೊಡನೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ, ಸುಳ್ಳು ಹೇಳಿದ್ದಕ್ಕಲ್ಲ, ದೊಡ್ಡಮ್ಮನನ್ನು ಒಪ್ಪಿಸದೆ ಬಂದದ್ದಕ್ಕೆ.

ಜೂನ್ ಕೊನೆಗೆ ಅಕ್ಕನಿಗೆ ಹೆಣ್ಣು ಮಗು. ದೊಡ್ಡಮ್ಮ ಪುಣೆಗೆ ಹೋಗಿ ಮೂರು ತಿಂಗಳು ಬಾಣಂತನ ಮಾಡಿದರು. ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಮೀಯಿಸುವುದು, ಬಾಣಂತಿಗೆ ಮೆಣಸಿನ ಸಾರು, ರಾತ್ರಿ ತೊಟ್ಟಿಲು. ಮಧ್ಯೆ ಡಾಕ್ಟ್ರಿಗೆ ತೋರಿಸಲು ಒಂದು ದಿನದ ಮಟ್ಟಿಗೆ ಬಂದು ಹೋದರು. ಅವರ ರಕ್ತದಲ್ಲಿ ಆಗ ಎಷ್ಟಿತ್ತೋ ಪುಸ್ತಕದಲ್ಲಿಲ್ಲ. ಆ ಪುಟದಲ್ಲಿ ತಾರೀಖುಗಳ ಮುಂದೆ ಗೆರೆ ಮಾತ್ರ ಎಳೆದಿದ್ದೇನೆ. ರಾತ್ರಿ ಒಬ್ಬನೇ ಇರುವಾಗ, ಇಷ್ಟು ಹೊತ್ತಿಗೆ ನೂರೈವತ್ತು, ಇಷ್ಟು ಹೊತ್ತಿಗೆ ಇನ್ನೂರೈವತ್ತು ಎಂದು ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕುತ್ತಿದ್ದೆ. ನವರಾತ್ರಿಗೆ ಊರಿಗೂ ಹೋಗಿ ಬಂದರು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, 'ಮಗಾ, ಪುನಃ ನೆರಿಗೆ ಕೂರುವುದಿಲ್ಲ' ಅಂದರು. ಈ ಸಲ ಸ್ಕ್ಯಾನಿನಲ್ಲಿ ಕಂಡಿತು. ಅಂಕಿ 640. ಮೊದಲ ಕೀಮೋ ಮುಗಿದು ಎರಡು ವರ್ಷದ ಹತ್ತಿರವಾದ್ದರಿಂದ ಅದೇ ಮದ್ದು ಮತ್ತೆ ಕೆಲಸ ಮಾಡುವ ಸಂಭವ ಚೆನ್ನಾಗಿದೆ ಎಂದು ಡಾಕ್ಟ್ರು ಹೇಳಿದರು. ಕೂದಲು ಮತ್ತೆ ಹೋಯಿತು.

ಮೂರನೆಯ ಕೀಮೋ ಆದ ಮೇಲೆ ರಿಪೋರ್ಟು ಬಂದಾಗ ನಾನು ಮನೆಯಲ್ಲೇ ಇದ್ದೆ. ದೊಡ್ಡಮ್ಮ ಹಾಸಿಗೆಯಲ್ಲಿ ಒರಗಿಕೊಂಡು ಪುಣೆಯ ಕೂಸಿನ ವಿಡಿಯೋ ನೋಡುತ್ತಿದ್ದರು.

'ಎಷ್ಟು?'

ನಾನು ಬಾಯಿಂದ ಹೇಳಲಿಲ್ಲ. ಫೋನನ್ನೇ ಅವರ ಕೈಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. 118.

'ಇನ್ನೂ ಫೇಲು' ಅಂದರು. 'ಪುಸ್ತಕ ತಾ. ಪೆನ್ನಿನಲ್ಲಿ ಬರಿ.'