ಕೂಸಿನ ನಿದ್ರೆ, ತಾಯಿಯ ನಿದ್ರೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಹಗಲೆಲ್ಲ ಮಗ್ಗದ ಸದ್ದು. ಆ ಸದ್ದಿನಲ್ಲಿಯೇ ಕೂಸುಗಳು ತೊಟ್ಟಿಲಲ್ಲಿ ಸುಖವಾಗಿ ಮಲಗುವುವು. ಮಗ್ಗ ನಿಂತು ಓಣಿಯೆಲ್ಲ ಮಲಗಿದೊಡನೆ ಎಚ್ಚತ್ತು ಅಳುವುವು. ಆಗ ಮನೆಯವರು ಕೂಸು ಹಟಮಾರಿಯೆಂದೋ ತಾಯಿಗೆ ಹಾಲು ಸಾಲದೆಂದೋ ಆಡುವರು.

ಬಹುತರ ಈ ಎರಡೂ ಮಾತು ಸಲ್ಲವು. ಹೊಸದಾಗಿ ಹುಟ್ಟಿದ ಕೂಸಿಗೆ ಹಗಲಿರುಳುಗಳ ಭೇದ ತಿಳಿಯದು. ಅದರ ಹೊಟ್ಟೆ ಕಿರಿದು. ಎರಡು ಮೂರು ತಾಸಿಗೊಮ್ಮೆ ಹಸಿಯುವುದು ಸಹಜ. ತಿಂಗಳುಗಳು ಕಳೆದಂತೆ ರಾತ್ರಿಯ ನಿದ್ರೆ ತಾನಾಗಿ ಉದ್ದವಾಗುವುದು. ನಾವು ಮಾಡಬಹುದಾದುದಿಷ್ಟೆ: ಹಗಲು ಬೆಳಕಿನಲ್ಲಿ ಆಡಿಸುವುದು; ರಾತ್ರಿ ದೀಪ ತಗ್ಗಿಸಿ, ಮಾತಿಲ್ಲದೆ ಹಾಲೂಡಿಸುವುದು; ದಿನವೂ ಅದೇ ಹೊತ್ತಿಗೆ ಅದೇ ಜೋಗುಳ ಹಾಡುವುದು. ಜ್ವರ ಬಂದರೆ, ಹಾಲು ಬಿಟ್ಟರೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಮಲಗಿಸುವಾಗ ಕೂಸು ಅಂಗಾತವಾಗಿರಲಿ. ತಲೆದಿಂಬೂ ದಪ್ಪ ಕೌದಿಯೂ ಬೇಡ. ಬ್ರಿಟನ್ನಿನಲ್ಲಿ 1991ರಿಂದ ಅಂಗಾತ ಮಲಗಿಸುವ ಉಪದೇಶವನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ನಿದ್ರೆಯಲ್ಲಿಯೇ ಅಕಸ್ಮಾತ್ತಾಗಿ ತೀರಿಕೊಳ್ಳುವ ಕೂಸುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಹಿಂದೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಎಷ್ಟೋ ತಾಯಂದಿರು ಕೂಸು ಮಲಗಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದರು. ವೈದ್ಯರನ್ನು ಕೇಳದೆ ಕೆಮ್ಮಿನ ಔಷಧ ಕುಡಿಸಿ ಮಲಗಿಸುವುದೂ ಅದೇ ಅಪಾಯದ ದಾರಿ. ಆದರೂ ಆ ತಾಯಂದಿರನ್ನು ನಾನು ನಿಂದಿಸಲಾರೆ. ಅವರ ಕೈಯಿಂದ ಕೂಸನ್ನು ತೆಗೆದುಕೊಳ್ಳುವವರು ಬೇಕಾಗಿತ್ತು.

ನಮ್ಮ ಅತ್ತೆಯವರು ನಡುರಾತ್ರಿ ಕೂಸನ್ನೆತ್ತಿಕೊಂಡು, “ನೀ ಮಲಕೋ ಯವ್ವಾ, ಹಸದ್ರ ಎಬ್ಬಸ್ತೀನಿ” ಎನ್ನುತ್ತಿದ್ದರು. ಆ ಎರಡು ತಾಸಿನ ನಿದ್ರೆಯೇ ನನ್ನನ್ನು ಉಳಿಸಿತು. ಇಂಥ ಅತ್ತೆಯಿಲ್ಲದ ಮನೆಗಳು ಈಗ ಬಹಳ. ಅಲ್ಲಿ ಯಜಮಾನರು ಏಳಲಿ. ತೊಟ್ಟಿಲ ಹಗ್ಗ ಅವರ ಕೈಗೇನೂ ಭಾರವಲ್ಲ.